ಗೋಣಪ್ಪನ ಕುತ್ತಿಗೆ ಹಿಡಿದದ್ದು ಯಾರು?

ಭಗವಂತ ಮನುಷ್ಯನನ್ನು ಮಾಡುವಾಗ ತಲೆಯನ್ನು ನೇರವಾಗಿ ಹೆಗಲಿನ ಮೇಲೆ ಕೂರಿಸಿ ಕೆಲಸ ಮುಗಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ನಡುವೆ ಒಂದು ಕುತ್ತಿಗೆ ಇಟ್ಟ. ಮೇಲೆ ನೋಡಿ ತನ್ನನ್ನು ನೆನೆಯಲಿ, ಕೆಳಗೆ ನೋಡಿ ಎಡವದೆ ನಡೆಯಲಿ, ಅಕ್ಕಪಕ್ಕ ನೋಡಿ ನೆರೆಯವರ ಸುಖದುಃಖ ತಿಳಿಯಲಿ ಎಂದು ಅವನ ಮನಸ್ಸಿನಲ್ಲಿ ಇದ್ದಿರಬೇಕು. ಮನುಷ್ಯ ಅದನ್ನು ಸಾಹೇಬರ ಮುಂದೆ ಆಡಿಸುವುದಕ್ಕೆ ಇಟ್ಟುಕೊಂಡ. ಭಗವಂತ ನೋಡಿ ಸುಮ್ಮನಾದ. ಅವನು ಸುಮ್ಮನಾದದ್ದನ್ನೇ ಒಪ್ಪಿಗೆ ಎಂದು ತಿಳಿದು ಕೆಟ್ಟ ಒಬ್ಬ ಪುಣ್ಯಾತ್ಮನ ಕಥೆ ಇದು.

ಕಚೇರಿಯಲ್ಲೂ ಬೀದಿಯಲ್ಲೂ ಅವನನ್ನು ಗೋಣಪ್ಪ ಎನ್ನುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾರು ಏನು ಹೇಳಿದರೂ ಮಾತು ಮುಗಿಯುವ ಮೊದಲೇ ಗೋಣು ಆಡಿಸುವ ಮನುಷ್ಯನಿಗೆ ಆ ಹೆಸರು ನಿಲ್ಲಲಿಲ್ಲ. ಅವನ ಉದ್ಯೋಗ ನೀರು ಸರಬರಾಜು ಕಚೇರಿಯಲ್ಲಿ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಜನ ಗೋಳಿಟ್ಟು ಬರೆದದ್ದಕ್ಕೆಲ್ಲ "ವಿಷಯವು ಪರಿಶೀಲನೆಯಲ್ಲಿದೆ" ಎಂದು ಕಂಪ್ಯೂಟರಿನಲ್ಲಿ ಉತ್ತರ ಹೊಡೆಯುವುದು. ಇದನ್ನು ಅವನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದ. ಅವನ ಬೀದಿಯ ನಲ್ಲಿಗೂ ನೀರು ಬರುತ್ತಿರಲಿಲ್ಲ, ಅದೂ ಪರಿಶೀಲನೆಯಲ್ಲಿತ್ತು.

ಆ ವರ್ಷ ಅವರ ಹೆಡ್ ಕ್ಲರ್ಕ್ ನಿವೃತ್ತರಾಗುವವರಿದ್ದರು. ಹೆಡ್ ಕ್ಲರ್ಕಿನ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಕುರ್ಚಿಗೆ ಕೈಗಳಿದ್ದವು, ಮೆತ್ತೆಯಿತ್ತು, ತಲೆಯ ಮೇಲೆ ಯಾರೊಂದಿಗೂ ಹಂಚಿಕೊಳ್ಳಬೇಕಿಲ್ಲದ ಒಂದು ಫ್ಯಾನ್ ಇತ್ತು. ಮನುಷ್ಯನಿಗೆ ಇಹಲೋಕದಲ್ಲಿ ಇದಕ್ಕಿಂತ ಹೆಚ್ಚಿನದೇನು ಬೇಕು ಎಂದು ಗೋಣಪ್ಪನಿಗೆ ಅನ್ನಿಸುತ್ತಿತ್ತು. ಅದೇ ಕುರ್ಚಿಯ ಮೇಲೆ ಎದುರು ಮೇಜಿನವನಿಗೂ ಕಣ್ಣಿತ್ತು. ಇವನು ಗೋಣು ಆಡಿಸಿದರೆ ಅವನು ಗೋಣಿನ ಜೊತೆಗೆ ಸೊಂಟವನ್ನೂ ಬಗ್ಗಿಸುತ್ತಿದ್ದ. ಹೀಗಾಗಿ ಪೈಪೋಟಿ ಬಿರುಸಾಗಿತ್ತು.

ಇಂಥ ಸಮಯದಲ್ಲಿ ಒಂದು ದಿನ ಸಾಹೇಬರು ಯಾರೋ ದೊಡ್ಡ ಮನುಷ್ಯರನ್ನು ಕರೆದುಕೊಂಡು ಕಚೇರಿ ತೋರಿಸುತ್ತ ಬಂದರು. ಗೋಣಪ್ಪನ ಮೇಜಿನ ಹತ್ತಿರ ನಿಂತು, "ಇವರನ್ನ ನೋಡಿ. ತಲೆ ಎತ್ತದೆ ಕೆಲಸ ಮಾಡ್ತಾರೆ" ಎಂದು ಹೇಳಿ ಮುಂದೆ ಹೋದರು. ವಾಸ್ತವವಾಗಿ ಗೋಣಪ್ಪ ಆಗ ಮೇಜಿನ ಕೆಳಗೆ ಬಿದ್ದಿದ್ದ ತನ್ನ ಚಪ್ಪಲಿಯನ್ನು ಕಾಲಿನಿಂದ ಹುಡುಕುತ್ತಿದ್ದ. ಆದರೆ ಹೊಗಳಿಕೆ ಯಾವ ದಾರಿಯಿಂದ ಬಂದರೂ ಒಳಗೆ ಕರೆದು ಕೂರಿಸಿಕೊಳ್ಳುವುದು ಮನುಷ್ಯನ ಸ್ವಭಾವ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಿಸುತ್ತ, ಹಾಗಂದರೆ ಚೆನ್ನಾಗಿ ಕೆಲಸ ಮಾಡುತ್ತೀರಿ ಅಂತ ತಾನೇ ಅರ್ಥ ಎಂದಳು.

"ಅರ್ಥ ಎಲ್ಲ ಆಮೇಲೆ," ಎಂದ ಗೋಣಪ್ಪ. "ಅವರು ಏನಂದ್ರು ಅನ್ನೋದನ್ನ ನೋಡು. ತಲೆ ಎತ್ತದೆ."

ಮಾರನೆಯ ದಿನದಿಂದ ಅವನು ತಲೆ ಎತ್ತಲಿಲ್ಲ.

ಕಂಪ್ಯೂಟರಿನ ಪರದೆಯ ಕೆಳಗೆ ಎತ್ತರಕ್ಕೆಂದು ಇಟ್ಟಿದ್ದ ಮರದ ಹಲಗೆಯನ್ನು ತಾನೇ ತೆಗೆದು ಮೂಲೆಗೆ ಹಾಕಿದ. ಪರದೆ ತಗ್ಗಿದಷ್ಟೂ ತಲೆ ತಗ್ಗುತ್ತದೆ, ತಲೆ ತಗ್ಗಿದಷ್ಟೂ ಕುರ್ಚಿ ಹತ್ತಿರವಾಗುತ್ತದೆ ಎಂಬುದು ಅವನ ಲೆಕ್ಕಾಚಾರ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಗದ್ದ ಎದೆಗೆ ಅಂಟಿರುತ್ತಿತ್ತು. ಮುದುಕ ಜವಾನ ತಂದಿಟ್ಟ ಚಹಾವನ್ನು ತಲೆ ಎತ್ತದೆ ಕುಡಿಯುವ ಒಂದು ವಿಧಾನವನ್ನು ಕಂಡುಹಿಡಿದ. ಅದರಲ್ಲಿ ಅರ್ಧ ಚಹಾ ಅಂಗಿಗೆ ಹೋಗುತ್ತಿತ್ತು. ಜನರನ್ನು ಪಾದರಕ್ಷೆಯಿಂದ ಗುರುತಿಸುವುದು ರೂಢಿಯಾಯಿತು. ಕಂದು ಬೂಟು ಎಂದರೆ ಸಾಹೇಬರು; ಕಂಡ ಕೂಡಲೇ ಎದ್ದು ನಿಂತು ಬೂಟಿಗೇ ನಮಸ್ಕಾರ ಮಾಡುತ್ತಿದ್ದ. ಒಮ್ಮೆ ಫ್ಯಾನ್ ರಿಪೇರಿಯವನು ಕಂದು ಬೂಟು ಹಾಕಿಕೊಂಡು ಬಂದು ಏಣಿ ಹತ್ತಿದಾಗ, ಬೂಟುಗಳು ಮೇಲಕ್ಕೆ ಹೋಗಿ ಮಾಯವಾದದ್ದನ್ನು ಕಂಡು ಗೋಣಪ್ಪ ಬಹಳ ಹೊತ್ತು ಗಾಬರಿಯಾಗಿದ್ದ.

ಕುತ್ತಿಗೆ ಮೊದಲು ಸಣ್ಣಗೆ ಚುರುಗುಟ್ಟಿತು. ಆಮೇಲೆ ಹೆಗಲು ಹಲಗೆಯ ಹಾಗೆ ಬಿಗಿಯಿತು. ಬೆಳಿಗ್ಗೆ ಅಂಗಿ ತೊಡುವಾಗ ಕೈ ಮೇಲೆ ಬರಲೊಲ್ಲದು. ಹೆಂಡತಿ ಶಾಖ ಕೊಡುತ್ತ, ಆ ಹಲಗೆಯನ್ನು ಮತ್ತೆ ಇಟ್ಟುಕೊಳ್ಳಬಾರದೇ ಎಂದು ಕೇಳಿದಳು. ಇನ್ನು ಸ್ವಲ್ಪ ದಿನ, ಸಾಹೇಬರು ಹೆಸರು ಹೇಳಿಬಿಡಲಿ, ಆಮೇಲೆ ಇಡೀ ಜನ್ಮ ತಲೆ ಎತ್ತಿಕೊಂಡೇ ಇರುತ್ತೇನೆ ಎಂದು ಅವಳನ್ನು ಸಮಾಧಾನ ಮಾಡಿದ.

ಕೊನೆಗೆ ಸಾಹೇಬರು ಅವನನ್ನು ಕೋಣೆಗೆ ಕರೆದರು. ಒಳಗೆ ಹೋಗಿ ಮೇಜಿನ ಕಾಲಿಗೆ ನಮಸ್ಕಾರ ಮಾಡಿದ. ಸಾಹೇಬರು ಒಳ್ಳೆಯ ಮನಃಸ್ಥಿತಿಯಲ್ಲಿದ್ದರು. "ರೀ ಇವರೇ, ನಿಮ್ಮ ಮುಖ ನೋಡಿ ಎಷ್ಟು ದಿನ ಆಯ್ತು. ಸ್ವಲ್ಪ ತಲೆ ಎತ್ತಿ, ನೋಡೋಣ" ಎಂದರು.

ಸಾಹೇಬರ ಮಾತು. ಗೋಣಪ್ಪ ಹಿಂದುಮುಂದು ನೋಡದೆ ಒಂದೇ ಸಲಕ್ಕೆ ಎತ್ತಿದ. ಲಟಕ್ ಎಂದು ಒಂದು ಶಬ್ದವಾಯಿತು. ಆ ಶಬ್ದವನ್ನು ಹೊರಗಿದ್ದವರು ಬೀರು ಮುಚ್ಚಿದ ಸದ್ದು ಎಂದುಕೊಂಡರಂತೆ. ತಲೆ ಅರ್ಧದಾರಿಯವರೆಗೆ ಬಂದು, ಅಲ್ಲಿಂದ ತಿರುಗಿ ಕೆಳಗೆ ಬಿದ್ದು, ಎದೆಗೆ ಅಂಟಿ, ಅಲ್ಲೇ ನಿಂತುಬಿಟ್ಟಿತು.

ಸಾಹೇಬರು ಕೆಟ್ಟವರಲ್ಲ. ಎದ್ದು ಬಂದರು. ತಮ್ಮ ತಾತ ಇಂಥದ್ದನ್ನೆಲ್ಲ ಒಂದೇ ತಿರುವಿಗೆ ಸರಿ ಮಾಡುತ್ತಿದ್ದರೆಂದು ಹೇಳಿ, ಎರಡು ಕೈಯಲ್ಲಿ ಗೋಣಪ್ಪನ ಕುತ್ತಿಗೆಯನ್ನು ಹಿಡಿದು ಒಂದು ತಿರುವು ಕೊಟ್ಟರು. ತಾತನ ವಿದ್ಯೆ ಮೊಮ್ಮಗನಿಗೆ ಇಳಿದಿರಲಿಲ್ಲ. ಗೋಣಪ್ಪ ಕಿರುಚಿದ್ದು ಬೀದಿಯ ಆಚೆಗೂ ಕೇಳಿಸಿತು. ಬೆದರಿದ ಸಾಹೇಬರು, ಇವರನ್ನು ಮನೆಗೆ ಕಳಿಸಿ, ಮೊದಲು ಮನೆಗೆ ಫೋನ್ ಮಾಡಿ ತಿಳಿಸಿ ಎಂದು ಜವಾನನಿಗೆ ಹೇಳಿದರು.

ಇಲ್ಲಿ ವ್ಯಾಕರಣ ಪ್ರವೇಶ ಮಾಡುತ್ತದೆ.

ಜವಾನ ಮಿತಭಾಷಿ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: "ಗೋಣಪ್ಪನೋರನ್ನ ಸಾಹೇಬ್ರ ರೂಮಲ್ಲಿ ಕುತ್ತಿಗೆ ಹಿಡಿದು ಮನೆಗೆ ಕಳಿಸಿದಾರೆ."

ಕುತ್ತಿಗೆ ತಾನಾಗಿ ಹಿಡಿದುಕೊಂಡರೂ ಕುತ್ತಿಗೆ ಹಿಡಿದು ಎನ್ನುತ್ತೇವೆ. ಇನ್ನೊಬ್ಬರು ಕೈ ಹಾಕಿ ಹಿಡಿದರೂ ಕುತ್ತಿಗೆ ಹಿಡಿದು ಎನ್ನುತ್ತೇವೆ. ಯಾರು ಹಿಡಿದರು ಎಂದು ಒಂದು ಪದ ಸೇರಿಸಿದ್ದರೆ ಎಲ್ಲ ತಿಳಿಯಾಗುತ್ತಿತ್ತು. ಜವಾನ ಸೇರಿಸಲಿಲ್ಲ, ಸೇರಿಸಿದ್ದರೂ ಪ್ರಯೋಜನವಾಗುತ್ತಿತ್ತೋ ಇಲ್ಲವೋ, ಏಕೆಂದರೆ ಫೋನ್ ಎತ್ತಿದವರು ಪಕ್ಕದ ಮನೆಯ ನಿವೃತ್ತ ಹವಾಲ್ದಾರರು. ಗೋಣಪ್ಪನ ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಏಣಿ ಕೇಳಲು ಬಂದ ಹವಾಲ್ದಾರರು, ಫೋನ್ ಬಡಿದುಕೊಳ್ಳುತ್ತಿದ್ದರೆ ಎತ್ತಬೇಕಾದದ್ದು ಧರ್ಮ ಎಂದು ಎತ್ತಿದ್ದರು. ನಿವೃತ್ತರಾದ ಮೇಲೆ ಅವರಿಗೆ ಒಂದು ಅಪರಾಧವೂ ಸಿಕ್ಕಿರಲಿಲ್ಲ. ಇದು ತಾನಾಗಿ ಕಿವಿಗೆ ಬಂದು ಬಿದ್ದಿತ್ತು.

ಮಹಡಿಯ ಮೆಟ್ಟಿಲ ಕೆಳಗೆ ನಿಂತು ಅವರು ಗಂಭೀರವಾಗಿ, "ತಾಯಿ, ಗಟ್ಟಿ ಮನಸ್ಸು ಮಾಡ್ಕೊಳಿ. ಯಜಮಾನ್ರನ್ನ ಕುತ್ತಿಗೆ ಹಿಡಿದು ಆಚೆಗೆ ನೂಕಿದಾರೆ" ಎಂದರು. ನೂಕಿದ್ದನ್ನು ಅವರು ತಮ್ಮ ಕಡೆಯಿಂದ ಸೇರಿಸಿದ್ದು. ಕುತ್ತಿಗೆ ಹಿಡಿದ ಮೇಲೆ ನೂಕದೆ ಇರುವವರನ್ನು ಅವರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಅತ್ತ ಗೋಣಪ್ಪ ಬಸ್ಸಿನಲ್ಲಿ ಬರುತ್ತಿದ್ದ. ತಲೆ ಕೆಳಗೆ ಹಾಕಿ ನಿಂತವನನ್ನು ಕಂಡು ಒಬ್ಬ, ಏನಾದರೂ ಬಿತ್ತೇ ಎಂದು ಕೇಳಿದ. ಮಾತಾಡಿದರೆ ನೋವು, ಗೋಣಪ್ಪ "ಹೂಂ" ಎಂದುಬಿಟ್ಟ. ಪಾಪ, ಇಡೀ ಬಸ್ಸು ಸೀಟಿನ ಕೆಳಗೆ ಬಗ್ಗಿ ಹುಡುಕಿತು. ಏನು ಬಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ನಿಲ್ದಾಣ ಬಂದಾಗಲೂ ಒಬ್ಬ ಅಜ್ಜಿ ಹುಡುಕುತ್ತಲೇ ಇದ್ದಳು.

ನಡುಹಗಲಿನಲ್ಲಿ, ಊಟದ ಡಬ್ಬಿ ಕೈಯಲ್ಲಿ ಹಿಡಿದು, ನೆಲ ನೋಡುತ್ತ ಬೀದಿಯಲ್ಲಿ ನಡೆದು ಬಂದ ಗೋಣಪ್ಪನನ್ನು ಕಂಡ ಮೇಲೆ ಯಾರಿಗೂ ಸಾಕ್ಷಿ ಬೇಕಾಗಲಿಲ್ಲ. ಅವಮಾನವಾದ ಮನುಷ್ಯ ಹೇಗಿರಬೇಕೋ ಹಾಗೆಯೇ ಇದ್ದ. ಕಿಟಕಿಗಳು ತೆರೆದುಕೊಂಡವು. ಮನೆಯಲ್ಲಿ ಹೆಂಡತಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳ ತಮ್ಮ, ವಕೀಲರ ಬಳಿ ಗುಮಾಸ್ತಿಕೆ ಮಾಡಿ ವಕೀಲರಿಗಿಂತ ಹೆಚ್ಚು ಕಾನೂನು ಮಾತಾಡುವವನು, ಆಗಲೇ ಬಂದು ತೋಳು ಮಡಿಸಿ ಕೂತಿದ್ದ.

"ಬಾವ, ನಿಜ ಹೇಳಿ. ಯಾರು ಹಿಡಿದದ್ದು?"

"ಯಾರೂ ಇಲ್ಲಪ್ಪ. ತಾನಾಗೇ ಹಿಡೀತು."

ಹವಾಲ್ದಾರರು ಬಾಮೈದನ ಕಡೆ ನೋಡಿ ಒಂದು ನಿಟ್ಟುಸಿರು ಬಿಟ್ಟರು. "ಎಲ್ಲರೂ ಹೀಗೇ ಹೇಳೋದು. ಹೆದರಿಸಿ ಕಳಿಸಿರ್ತಾರೆ."

ಸಾಹೇಬರು ನಿಮ್ಮ ಕುತ್ತಿಗೆಗೆ ಕೈ ಹಾಕಲೇ ಇಲ್ಲವೇ, ದೇವರನ್ನು ನೆನೆದು ಹೇಳಿ ಎಂದು ಬಾಮೈದ ಕೇಳಿದ. ಗೋಣಪ್ಪ ಸುಳ್ಳು ಹೇಳುವವನಲ್ಲ. ಹಾಕಿದರು, ಆದರೆ ಎಂದು ಶುರುಮಾಡಿದ. ಆ ಆದರೆಯ ಮುಂದಿನದನ್ನು ಕೇಳಲು ಯಾರಿಗೂ ಬಿಡುವಿರಲಿಲ್ಲ. ಬಾಮೈದ ಎದ್ದು ನಿಂತು ಕಾನೂನಿನ ಕಲಮುಗಳನ್ನು ಹೇಳತೊಡಗಿದ. ಹವಾಲ್ದಾರರು ಕೈಯ ಗುರುತು ಇದೆಯೇ ಎಂದು ಕುತ್ತಿಗೆಯನ್ನು ಪರೀಕ್ಷಿಸಿದರು. ಬೆಳಗಿನ ಶಾಖದ ಕೆಂಪು ಅಲ್ಲೇ ಇತ್ತು.

ಸಂಜೆ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಹೆಗಲನ್ನು ಬೆರಳಿನಿಂದ ಒತ್ತಿ, ಕಲ್ಲಾಗಿದೆ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಗೋಣಪ್ಪ ಅಂಥ ನೋವಿನಲ್ಲೂ ಸ್ವಲ್ಪ ಹೆಮ್ಮೆಯಿಂದ, "ತಲೆ ಎತ್ತದೆ ಕೆಲಸ ಮಾಡ್ತೀನಿ" ಎಂದ.

"ಅದೇ ನಿಮ್ಮ ಕಾಯಿಲೆ" ಎಂದರು ಡಾಕ್ಟರು.

ಪರದೆ ಕಣ್ಣಿನ ಮಟ್ಟಕ್ಕೆ ಇರಬೇಕು, ಆಗಾಗ ಎದ್ದು ನಡೆದಾಡಬೇಕು, ಹೆಗಲನ್ನು ಸಡಿಲ ಬಿಡಬೇಕು, ಸದ್ಯಕ್ಕೆ ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಒಂದು ವಾರ ಮನೆಯಲ್ಲಿರಿ ಎಂದು ಹೇಳಿ ಕಳಿಸಿದರು. ಪಟ್ಟಿ ತರಲು ಹೋದ ಬಾಮೈದ, ನಮ್ಮ ಬಾವನಿಗೆ ಕಡಿಮೆಯದು ಬೇಡ ಎಂದು ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದನ್ನು ತಂದ. ಅದನ್ನು ಕಟ್ಟಿದ ಮೇಲೆ ಗೋಣಪ್ಪನ ಗದ್ದ ಎದೆಯಿಂದ ಬಿಟ್ಟುಕೊಂಡು ನೇರವಾಗಿ ಆಕಾಶಕ್ಕೆ ಹೋಯಿತು. ಹಲ್ಲಿಗೆ ಹಲ್ಲು ಕೂತು ಬಾಯಿ ಬಿಡುವುದು ಕಷ್ಟವಾಯಿತು. ಹೂಂ ಎನ್ನುವಷ್ಟು ಮಾತ್ರ ಜಾಗ ಉಳಿದಿತ್ತು. ಮೊದಲಿನಿಂದಲೂ ಅವನಿಗೆ ಬೇಕಾಗಿದ್ದದ್ದು ಅಷ್ಟೇ ಆದ್ದರಿಂದ ದೊಡ್ಡ ತೊಂದರೆಯೇನೂ ಆಗಲಿಲ್ಲ.

ಆದರೆ ನೋಡುವವರ ಕಣ್ಣಿಗೆ ಕಥೆಯೇ ಬದಲಾಯಿತು. ನಿನ್ನೆ ತಲೆ ತಗ್ಗಿಸಿ ಬಂದವನು ಇಂದು ತಲೆ ಎತ್ತಿ ನಿಂತಿದ್ದಾನೆ. ಹಾಲಿನವಳು ಬಂದು, ಅಣ್ಣಾ ನೀವು ಬಗ್ಗಬೇಡಿ ಎಂದು ಹೇಳಿ ಹೋದಳು. ಬಾಡಿಗೆಗೆ ಸತಾಯಿಸುತ್ತಿದ್ದ ಮನೆಯ ಒಡೆಯ ಬಾಗಿಲಲ್ಲೇ ನಿಂತು ಕ್ಷೇಮ ವಿಚಾರಿಸಿ, ಏನೂ ಕೇಳದೆ ವಾಪಸಾದ. ಹುಟ್ಟಿದಾಗಿನಿಂದ ಯಾರೂ ಕುರ್ಚಿ ಕೊಡದಿದ್ದ ಗೋಣಪ್ಪನಿಗೆ ಬೀದಿಯ ಕ್ಷೌರದಂಗಡಿಯಲ್ಲಿ ಸರದಿ ಬಿಟ್ಟುಕೊಟ್ಟರು. ಮೊದಲ ದಿನ ಅವನು, ಹಾಗಲ್ಲ ಎಂದು ಹೇಳಲು ಹವಣಿಸಿದ್ದುಂಟು. ಎರಡನೆಯ ದಿನ ಪಟ್ಟಿಯ ಕಡೆ ಕೈ ತೋರಿಸಿ ಸುಮ್ಮನಾದ. ಆಮೇಲೆ ಯಾರಾದರೂ ಬಂದು, ಹಿಡಿದೇಬಿಟ್ಟರಂತಲ್ಲ ಎಂದರೆ, ಕಣ್ಣು ಮುಚ್ಚಿ ಕೈ ಬೀಸುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದು ಜನ ಬೆರಗಾಗುತ್ತಿದ್ದರು. ಸತ್ಯ ಗಂಟಲಲ್ಲಿತ್ತು, ಗಂಟಲಿನ ಸುತ್ತ ಪಟ್ಟಿಯಿತ್ತು. ದೇವರ ಮುಂದೆ ಈ ಸಮಜಾಯಿಷಿ ನಡೆಯುತ್ತದೆಯೇ ಎಂದು ಅವನು ಕೇಳಿಕೊಳ್ಳಲಿಲ್ಲ.

ವಾರ ಮುಗಿದು ಕಚೇರಿಗೆ ಹೋಗಬೇಕಾದ ದಿನವೇ ಸಾಹೇಬರು ಹೊಸ ಹೆಡ್ ಕ್ಲರ್ಕಿನ ಹೆಸರು ಹೇಳುವ ದಿನವೂ ಆಗಿತ್ತು. ಹೆಂಡತಿ ಅವನ ಅಂಗಿಯ ಗುಂಡಿ ಹಾಕುತ್ತ, ಸಾಹೇಬರ ಹತ್ತಿರ ಜಗಳ ಬೇಡ, ಆ ಕುರ್ಚಿ ಕೈತಪ್ಪಬಾರದು ಎಂದಳು. ಗೋಣಪ್ಪ ಹೂಂ ಎಂದ. ಆದರೆ ಬಾಗಿಲಲ್ಲಿ ಹವಾಲ್ದಾರರು ಹಳೆಯ ಬೆಲ್ಟು ಬಿಗಿದು ನಿಂತಿದ್ದರು, ಪಕ್ಕದಲ್ಲಿ ಬಾಮೈದ. ನ್ಯಾಯ ಸಿಗುವವರೆಗೆ ಜೊತೆಯಲ್ಲೇ ಇರುತ್ತೇವೆ ಎಂದರು. ಬೇಡ ಎನ್ನಬೇಕಾದರೆ ಬಾಯಿ ಬಿಡಬೇಕು. ಮೂವರೂ ಹೊರಟರು.

ಕಚೇರಿಯಲ್ಲಿ ಆಗಲೇ ಗುಸುಗುಸು ಶುರುವಾಗಿತ್ತು. ಸಾಹೇಬರ ಕಿವಿಗೂ ಬಿದ್ದು ಅವರು ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಗೋಣಪ್ಪ ಗದ್ದ ಮೇಲೆತ್ತಿ, ಯಾರ ಕಡೆಗೂ ನೋಡದೆ, ಎಡಬಲದಲ್ಲಿ ಇಬ್ಬರನ್ನು ಇಟ್ಟುಕೊಂಡು ನಡೆದು ಬಂದಾಗ, ಎದುರು ಮೇಜಿನವನೂ ಅರಿಯದೆ ಎದ್ದು ನಿಂತ. ಸಾಹೇಬರು ಕೋಣೆಯಿಂದ ತಾವೇ ಹೊರಗೆ ಬಂದರು. ಗೋಣಪ್ಪನಿಗೆ ಕಂದು ಬೂಟು ಕಾಣಿಸಲಿಲ್ಲ. ಕಂಡದ್ದು ಸೀಲಿಂಗಿನ ಫ್ಯಾನ್ ಮಾತ್ರ. ಅದಕ್ಕೆ ನಮಸ್ಕಾರ ಮಾಡಿದ. ಸಾಹೇಬರಿಗೆ, ತಮ್ಮ ಮುಖವನ್ನೂ ನೋಡಲು ಇವನಿಗೆ ಇಷ್ಟವಿಲ್ಲ ಎನ್ನಿಸಿತು.

ಎಲ್ಲರೂ ಸಾಹೇಬರ ಕೋಣೆಯಲ್ಲಿ ಸೇರಿದರು. ಬಾಗಿಲು ಮುಚ್ಚಲಿಲ್ಲ, ಮುಚ್ಚೋಣವೆಂದರೆ ಜವಾನ ಅದರ ಹಿಡಿ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಹವಾಲ್ದಾರರು ವಿಚಾರಣೆ ಶುರುಮಾಡಿದರು.

"ಇವರ ಕುತ್ತಿಗೆಗೆ ನೀವು ಕೈ ಹಾಕಿದ್ದು ನಿಜಾನೋ, ಸುಳ್ಳೋ?"

ಸಾಹೇಬರು ಬೆವರು ಒರೆಸಿಕೊಂಡರು. "ನಿಜ. ಆದ್ರೆ ಒಳ್ಳೇದಕ್ಕೇ ಹಿಡಿದೆ."

"ಎಲ್ಲರೂ ಒಳ್ಳೇದಕ್ಕೇ ಹಿಡಿಯೋದು. ಹಿಡಿದು ತಿರುಗಿಸಿದ್ರೋ?"

"ತಿರುಗಿಸಿದೆ. ನಮ್ಮ ತಾತ..."

"ತಾತನೂ ಇದ್ರಾ?" ಎಂದ ಬಾಮೈದ. ಅಪರಾಧಿಗಳ ಸಂಖ್ಯೆ ಎರಡಾದದ್ದಕ್ಕೆ ಅವನ ಮುಖ ಅರಳಿತು.

ಸಾಹೇಬರಿಗೆ ಇನ್ನು ಒಂದೇ ದಾರಿ ಉಳಿದಿತ್ತು. ಅವರು ಗೋಣಪ್ಪನ ಎದುರಿಗೆ ಬಂದು, ಆಗಿದ್ದು ಆಗಿಹೋಯಿತು, ಹೆಡ್ ಕ್ಲರ್ಕ್ ಕೆಲಸ ಇವರಿಗೇ ಎಂದು ತಾವು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಗಿ ಹೇಳಿದರು. ಅದು ನಿಜವೂ ಆಗಿತ್ತು. ಅಂದು ಕೋಣೆಗೆ ಕರೆದದ್ದೇ ಅದನ್ನು ಹೇಳಲು. ಆಮೇಲೆ ಮೆತ್ತಗೆ, "ಇವರೇ, ಎಲ್ಲ ಮರೆತು ಆ ಕುರ್ಚಿ ಒಪ್ಕೋತೀರಾ? ಮಾತು ಬೇಡ. ಗೋಣು ಆಡಿಸಿ, ಸಾಕು" ಎಂದರು.

ಕಿಟಕಿ, ಮೆತ್ತೆ, ಹಂಚಿಕೊಳ್ಳಬೇಕಿಲ್ಲದ ಫ್ಯಾನ್, ಎಲ್ಲ ಒಂದು ಗೋಣಿನ ದೂರದಲ್ಲಿದ್ದವು. ಜೀವಮಾನವಿಡೀ ಕೇಳದವರಿಗೂ ಆಡಿಸಿದ ಗೋಣು. ಆಡಲಿಲ್ಲ. ಪಟ್ಟಿ ಅದನ್ನು ಕಂಬದ ಹಾಗೆ ಹಿಡಿದಿತ್ತು. ಗೋಣಪ್ಪ ತನ್ನ ಶಕ್ತಿಯನ್ನೆಲ್ಲ ಕೂಡಿಸಿ ಒಂದು ಸಲ ಜಗ್ಗಿದ. ಹೆಗಲಿನಿಂದ ನೆತ್ತಿಯವರೆಗೆ ಬೆಂಕಿ ಹರಿಯಿತು. ಹಲ್ಲಿನ ಸಂದಿಯಿಂದ "ಊ..." ಎಂದು ನರಳಿದ. ಆದರೂ ಛಲ ಬಿಡದೆ, ಉಸಿರು ಹಿಡಿದು, ಹೇಳಬೇಕಾದ್ದನ್ನು ಹೇಳಿಯೇಬಿಟ್ಟ: "ಹೂಂ."

ಕೇಳಿದವರಿಗೆ ಎರಡೂ ಒಂದಾಗಿ ಕೇಳಿಸಿತು.

"ಊಹೂಂ ಅಂದ್ರು," ಎಂದ ಬಾಗಿಲಲ್ಲಿದ್ದ ಜವಾನ, ನಂಬಲಾಗದೆ. ಮಾತು ಹೊರಗೆ ಹಾರಿ ಮೇಜಿನಿಂದ ಮೇಜಿಗೆ ಹೋಯಿತು. ಗೋಣಪ್ಪ ಊಹೂಂ ಅಂದರಂತೆ. ಸಾಹೇಬರು ಕೊಟ್ಟ ಕುರ್ಚಿ ಬೇಡ ಅಂದರಂತೆ.

ಗೋಣಪ್ಪ ಹೌಹಾರಿ ಮತ್ತೊಮ್ಮೆ ಹೇಳಲು ಹೋದ. ಈ ಸಲ ನೋವು ಇನ್ನೂ ಮುಂಚೆ ಬಂತು. "ಊಊ... ಹೂಂ."

"ನೋಡಿ, ಎರಡು ಸಲ ಹೇಳಿಬಿಟ್ರು," ಎಂದು ಹವಾಲ್ದಾರರು ಕಣ್ಣೀರು ಒರೆಸಿಕೊಂಡರು. "ಇಂಥ ಮನುಷ್ಯನ ಪಕ್ಕದ ಮನೇಲಿ ಇದ್ದೂ ನಾನು ಏಣಿ ಮಾತ್ರ ಕೇಳ್ತಿದ್ದೆ."

ಸಾಹೇಬರು ಕೈಮುಗಿದರು. ಇನ್ನೊಮ್ಮೆ ಒತ್ತಾಯಿಸಿ ಇವರ ಸ್ವಾಭಿಮಾನಕ್ಕೆ ಧಕ್ಕೆ ತರಲಾರೆ ಎಂದರು. ಹೆಡ್ ಕ್ಲರ್ಕ್ ಕೆಲಸವನ್ನು ಎದುರು ಮೇಜಿನವನಿಗೆ ಕೊಟ್ಟರು. ಅವನು ಅವರ ಮಾತು ಮುಗಿಯುವ ಮೊದಲೇ ಗೋಣು ಆಡಿಸಿ, ಸೊಂಟ ಬಗ್ಗಿಸಿ, ಕುರ್ಚಿಯನ್ನು ತಾನೇ ಒರೆಸಿಕೊಂಡು ಕೂತ. ಗೋಣಪ್ಪ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಫ್ಯಾನನ್ನೇ ನೋಡುತ್ತಿದ್ದ. ಅವನ ಕಣ್ಣಂಚಿನಲ್ಲಿ ನೀರು ಬಂದದ್ದನ್ನು ಕಂಡು ಇಬ್ಬರು ಗುಮಾಸ್ತರು, ತ್ಯಾಗ ಎಂದರೆ ಇದು ಎಂದು ಮಾತಾಡಿಕೊಂಡರು.

ಬೀದಿಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಮನೆಯ ಮುಂದೆ ಜನ ಸೇರಿದ್ದರು. ಹವಾಲ್ದಾರರು ಜಗುಲಿಯ ಮೇಲೆ ನಿಂತು ನಡೆದದ್ದನ್ನು ನಡೆದುದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು. ಅವರ ಬಾಯಲ್ಲಿ ಊಹೂಂ ಐದಾರು ಸಲ ಆಗಿ, ಮೇಜು ಗುದ್ದಿದ್ದೂ ಸೇರಿತ್ತು. ನಮ್ಮ ಬೀದಿಯ ನಲ್ಲಿಯ ವಿಷಯಕ್ಕೆ ಇನ್ನು ಗೋಣಪ್ಪನವರೇ ಮುಂದಾಳು, ಅವರ ಮುಂದೆ ಸಾಹೇಬರು ಉಸಿರೆತ್ತುವುದಿಲ್ಲ ಎಂದು ಯಾರೋ ಹೇಳಿದರು. ಎಲ್ಲರೂ ಹೌದು ಹೌದು ಎಂದರು. ಗೋಣಪ್ಪನವರು ಎಂದು ಬೀದಿ ಕರೆದದ್ದು ಅದೇ ಮೊದಲು.

ಒಳಗೆ ಹೆಂಡತಿ ಅವನನ್ನು ಕೂರಿಸಿ ಪಟ್ಟಿಯನ್ನು ಬಿಚ್ಚಿದಳು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಹೆಗಲ ಮೇಲೆ ಹಾಕಿದಳು.

"ರೀ, ನಿಜ ಹೇಳಿ. ನೀವು ಹೂಂ ಅಂದ್ರಿ ಅಲ್ವಾ?"

ಗೋಣಪ್ಪ ಗಾಬರಿಯಾಗಿ ಬಾಗಿಲ ಕಡೆ ನೋಡಿದ. "ನಿನಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು? ಮದುವೆಯಾದಾಗಿನಿಂದ ನಿಮ್ಮ ಬಾಯಲ್ಲಿ ಊಹೂಂ ಬಂದದ್ದು ನಾನಂತೂ ಕೇಳಿಲ್ಲ. ನಮ್ಮಪ್ಪ, ಹುಡುಗಿ ಒಪ್ಪಿಗೇನಾ ಅಂದಾಗ ನೀವು ನಾನಿನ್ನೂ ಒಳಗಿಂದ ಬರೋಕೆ ಮುಂಚೇನೇ ಗೋಣು ಆಡಿಸಿದ್ರಿ."

ಹೊರಗೆ ಹವಾಲ್ದಾರರು ಮೇಜು ಗುದ್ದಿದ ಭಾಗಕ್ಕೆ ಬಂದಿದ್ದರು. ಜನ ಚಪ್ಪಾಳೆ ತಟ್ಟಿದರು. ಅವಳು ಬಟ್ಟೆಯನ್ನು ಮತ್ತೆ ಅದ್ದಿ, ಹಿಂಡಿ, ಅವನ ಕುತ್ತಿಗೆಯ ಮೇಲೆ ಇಟ್ಟು ಮೆಲ್ಲಗೆ ಒತ್ತಿದಳು. ಕುರ್ಚಿಯಂತೂ ಹೋಯಿತು. ನಲ್ಲಿಯಲ್ಲಾದರೂ ನೀರು ಬರುವುದೇನೋ.

"ಹೋಗ್ಲಿ ಬಿಡಿ," ಎಂದಳು. "ಆದ್ರೆ ಇದನ್ನ ಹೊರಗೆ ಯಾರ ಹತ್ರಾನಾದ್ರೂ ಬಾಯಿಬಿಡ್ತೀರಾ?"

ಗೋಣಪ್ಪ ತಲೆ ಎತ್ತಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಎಲ್ಲೂ ಹಿಡಿಯಲಿಲ್ಲ.

"ಊಹೂಂ" ಎಂದ.